ಅಳ್ಳಾಡದ ಬೆಂಚು

ನಾಲ್ಕನೆಯ ಕಾಲನ್ನು ಮೂರನೆಯ ಸಲ ಕೊಯ್ದ ಮೇಲೂ ಬೆಂಚು ಅಳ್ಳಾಡಿತು. ದೇವರಾಜ್ ಗರಗಸ ಕೆಳಗಿಟ್ಟು ಹಲಗೆಯ ಮೇಲೆ ಅಂಗೈ ಊರಿ ಒತ್ತಿದ. ಟಕ್ ಎಂದಿತು. ಕೈ ತೆಗೆದ. ಮತ್ತೆ ಟಕ್ ಎಂದಿತು. ಒಂಬತ್ತು ದಿನದಿಂದ ಇದೇ ಸದ್ದು ಕೇಳಿ ಕೇಳಿ ಊಟಕ್ಕೆ ಕೂತಾಗಲೂ ತಟ್ಟೆ ಒಂದು ಕಡೆ ವಾಲಿದಂತೆ ಅವನಿಗೆ ಅನ್ನಿಸತೊಡಗಿತ್ತು. ಇದು ಬರೀ ಬೆಂಚಲ್ಲ. ಮೇಜೂ ಕುರ್ಚಿಯೂ ಒಂದೇ ಮೈಯಾಗಿ ಬೆಸೆದುಕೊಂಡಿರುವ ವಸ್ತು. ಅದರಲ್ಲಿ ಕೂತು, ಮೊಣಕೈ ಊರಿ, ರೈಫಲ್ಲಿನ ನಳಿಗೆಯನ್ನು ಮರಳಿನ ಚೀಲದ ಮೇಲಿಟ್ಟು ಗುರಿ ಹಿಡಿಯಬೇಕು. ದುದ್ದ ಎಂಬ ಊರಿನ ಹತ್ತಿರದ ಹಳೆಯ ಕಲ್ಲುಕ್ವಾರಿಯಲ್ಲಿ ರೈಫಲ್ ಕ್ಲಬ್ಬಿನವರು ಐವತ್ತು ದಾಟಿದ ಸದಸ್ಯರಿಗೆಂದು ಕೂತು ಹೊಡೆಯುವ ಸ್ಪರ್ಧೆ ಇಟ್ಟಿದ್ದರು, ನಾಳೆ ಭಾನುವಾರ. ಬೆಂಚು ಅವರವರೇ ಮಾಡಿ ತರಬೇಕು. ಕತ್ತಿನ ಮೂಳೆ ಸವೆದಿದೆ, ಬೋರಲು ಮಲಗಿ ಹೊಡೆಯಕೂಡದು ಎಂದು ಡಾಕ್ಟರು ಹೇಳಿದ ಮೇಲೆ ದೇವರಾಜನಿಗೆ ಉಳಿದಿದ್ದು ಇದೊಂದೇ ದಾರಿ. ಮೂರು ಕಾಲು ಸಾಕು, ಮೂರು ಕಾಲಿನದು ಎಂಥ ನೆಲದಲ್ಲೂ ಕೂರುತ್ತದೆ ಎಂದು ಕ್ಲಬ್ಬಿನ ಕಾರ್ಯದರ್ಶಿ ಸಿದ್ದೇಶ್ವರ ಚೀಟಿಯಲ್ಲಿ ಬರೆದೇ ಕೊಟ್ಟಿದ್ದ. ಆದರೆ ಮೊದಲ ದಿನವೇ ಹೆಂಡತಿ ನಂಜಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು, "ಮೂರ್ ಕಾಲಿಂದು ಮನೇಲಿ ಬ್ಯಾಡ ಕಣ್ರೀ," ಎಂದಿದ್ದಳು. ಮೂರು ಜನ ಒಟ್ಟಿಗೆ ಹೊರಡಬಾರದು, ತಟ್ಟೆಗೆ ಮೂರು ರೊಟ್ಟಿ ಹಾಕಬಾರದು, ಇನ್ನು ಮೂರು ಕಾಲಿನ ಮೇಲೆ ಮನುಷ್ಯ ಕೂರುವುದು ಹೇಗೆ? ಅವನು ನಗಾಡಿದ್ದ. ನಗಾಡಿ, ಸಂಜೆಯ ಹೊತ್ತಿಗೆ ನಾಲ್ಕನೆಯ ಕಾಲು ಜಡಿದಿದ್ದ. ಅಲ್ಲಿಂದ ಶುರುವಾದದ್ದು ಈ ಟಕ್.

ಹಲಗೆಯ ಆ ತುದಿ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ ಚೆನ್ನಯ್ಯ, "ಈ ಕಾಲು ಉದ್ದ ಆಗೈತೆ," ಎಂದ. ಸ್ವಲ್ಪ ಹೊತ್ತು ತಲೆ ವಾಲಿಸಿ ನೋಡಿ, "ಇಲ್ಲಾ, ಆ ಮೂರೂ ಗಿಡ್ಡ ಆಗವೆ ಚಿಕ್ಕಗೌಡ್ರೆ," ಎಂದು ತಿದ್ದಿಕೊಂಡ. ಅರವತ್ತು ತುಂಬಿದವನನ್ನು ಚಿಕ್ಕಗೌಡ್ರೆ ಎನ್ನುವವನು ತಮ್ಮೂರು ಹಳ್ಳಿಮೈಸೂರಿನಲ್ಲಿ ಈಗ ಇವನೊಬ್ಬನೇ. ದೇವರಾಜನಿಗಿಂತ ಒಂದೇ ವರ್ಷಕ್ಕೆ ಚಿಕ್ಕವನು. ಈ ಮನೆಯ ಹಸು, ತೋಟ, ನೀರಿನ ಮೋಟಾರು, ನಂಜಮ್ಮನ ಮಾತ್ರೆಯ ಹೊತ್ತು ಎಲ್ಲ ಅವನಿಗೇ ಚೆನ್ನಾಗಿ ಗೊತ್ತು. ಹೋದ ತಿಂಗಳು ಕತ್ತು ಹಿಡಿದುಕೊಂಡು ತಿರುಗಿಸಲಾರದೆ ಕೂತಿದ್ದಾಗ ಹರಳೆಣ್ಣೆ ಬಿಸಿ ಮಾಡಿ ಏಳು ದಿನ ತಿಕ್ಕಿದವನೂ ಅವನೇ. ತಿಕ್ಕುವಾಗ ಹಳೆಯದನ್ನೆಲ್ಲ ಮಾತಾಡುತ್ತಿದ್ದ, ದೊಡ್ಡಗೌಡರ ಕಾಲದ್ದು, ಕಬ್ಬಿನ ಗದ್ದೆಯದ್ದು. ಆ ಬೆರಳುಗಳ ಕೆಳಗೆ ದೇವರಾಜ್ ಕಣ್ಣು ಮುಚ್ಚಿಕೊಂಡು, ಇವನಿಗಾದರೂ ಹೇಳಿಬಿಡಲೇ, ನಿಮ್ಮಣ್ಣನ ವಿಷಯದಲ್ಲಿ ನಾನು ಹೀಗೆ ಮಾಡಿದೆ ಎಂದು ಇವನ ಮುಂದಾದರೂ ಬಾಯಿ ಬಿಡಲೇ ಎಂದು ಏಳು ದಿನವೂ ಅಂದುಕೊಂಡು ಏಳು ದಿನವೂ ಸುಮ್ಮನಿದ್ದ.

ಹೇಳಬೇಕಾದ್ದು ಬಹಳ ದೊಡ್ಡದೇನಲ್ಲ. ಒಂದು ಮಾತು. ಕ್ಲಬ್ಬಿನಲ್ಲಿ ಸಿದ್ದೇಶ್ವರ ತನಗೇ ಗೊತ್ತಿಲ್ಲದೆ ಅದನ್ನು ಮತ್ತೆ ಕೆದಕದೇ ಇದ್ದಿದ್ದರೆ ಅದು ಒಳಗೇ ಬಿದ್ದಿರುತ್ತಿತ್ತು. ಸಿದ್ದೇಶ್ವರ ಮಿಲಿಟರಿಯಲ್ಲಿ ಹವಾಲ್ದಾರನಾಗಿದ್ದು ಬಂದವನು, ಮಾತನ್ನು ಅಳೆದು ಆಡುತ್ತಾನೆ. "ಬೆಂಚು ಅಳ್ಳಾಡ್ಬಾರ್ದು ಸಾ. ಬೆಂಚು ಅಳ್ಳಾಡ್ಲಿಲ್ಲ ಅಂದ್ರೆ ಅಳ್ಳಾಡ್ತಿರೋದು ನಾವೇ ಅಂತ ಗೊತ್ತಾಗ್ತದೆ. ನೆಪ ಇರಾಕಿಲ್ಲ," ಎಂದ. ಸುತ್ತ ನಿಂತವರು ನಕ್ಕರು. ದೇವರಾಜನೂ ನಕ್ಕ. ಸೀಬೆಮರದ ಕೆಳಗೆ ಚಹಾ ಕುಡಿಯುತ್ತ, ರೈಫಲ್ ಒರೆಸುತ್ತ, ಹಿಂದಿರುಗಿ ಬರುವಾಗ ಹೊಳೆನರಸೀಪುರದ ಸೇತುವೆಯ ಮೇಲೆ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡು ನಿಂತಾಗ, ಅದೇ ಮಾತು. ನೆಪ ಇರಾಕಿಲ್ಲ. ನಲವತ್ತೊಂದು ವರ್ಷದ ಹಿಂದೆ ಅವನಿಗೆ ಒಂದು ನೆಪ ಇತ್ತು. ಅದು ಹಲಗೆಯದಾಗಿರಲಿಲ್ಲ, ಮನುಷ್ಯನದಾಗಿತ್ತು.

ಅವತ್ತು ಬೆಳಗಿನ ಮಂಜು ಇನ್ನೂ ಕಬ್ಬಿನ ಸೋಗೆಯ ಮೇಲೆ ಕೂತಿತ್ತು. ನಾಲೆಯ ಏರಿಯ ಮೇಲೆ ಅಪ್ಪ ನಿಂತಿದ್ದರು, ಜೊತೆಗೆ ಹತ್ತು ಹನ್ನೆರಡು ಜನ. ಹಂದಿ ಗದ್ದೆ ಹೊಕ್ಕಿದೆ, ಆ ಕಡೆಯಿಂದ ಆಳುಗಳು ಡಬ್ಬ ಬಡಿದು ಎಬ್ಬಿಸುತ್ತಾರೆ, ಈ ಕಡೆ ಬಂದಾಗ ಹೊಡೆಯಬೇಕು. ಇವತ್ತು ನನ್ನ ಮಗ ಹೊಡೆಯಲಿ ಎಂದು ಅಪ್ಪ ತೋಟಾ ಬಂದೂಕನ್ನು ಅವನ ಕೈಗೆ ಕೊಟ್ಟರು. ಹತ್ತೊಂಬತ್ತು ವರ್ಷ. ಬಂದೂಕು ಅಷ್ಟು ಭಾರವೆಂದು ಅವನಿಗೆ ಗೊತ್ತಿರಲಿಲ್ಲ. ಅಪ್ಪ ಹೊಡೆಯುವಾಗ ಯಾವಾಗಲೂ ಶಿವಯ್ಯನ ಹೆಗಲ ಮೇಲೆ ನಳಿಗೆ ಇಡುತ್ತಿದ್ದರು. ಶಿವಯ್ಯ ಚೆನ್ನಯ್ಯನ ಅಣ್ಣ, ಅಪ್ಪನ ಬೇಟೆಗೆಲ್ಲ ಅವನೇ ಊರುಗೋಲು. ಅವನು ಬಂದು ಬೆನ್ನು ತೋರಿಸಿ ಕುಕ್ಕರುಗಾಲಲ್ಲಿ ಕೂತ, ಟವಲು ನಾಲ್ಕು ಮಡಿಕೆ ಮಾಡಿ ಎಡ ಹೆಗಲಿಗೆ ಹಾಕಿಕೊಂಡ, "ಇಡಿ" ಎಂದ. ಆ ಹೆಗಲು ಎಷ್ಟು ಗಟ್ಟಿಯಾಗಿತ್ತೆಂದು ದೇವರಾಜನಿಗೆ ಇವತ್ತಿಗೂ ನೆನಪಿದೆ. ಉಸಿರಾಡಿದ್ದೂ ಗೊತ್ತಾಗುತ್ತಿರಲಿಲ್ಲ. ನಡುಗುತ್ತಿದ್ದದ್ದು ದೇವರಾಜನ ಕೈ. ಮುಂದೆ ಕಬ್ಬಿನ ಸಂದಿಯಲ್ಲಿ ಕಪ್ಪಗೆ ಏನೋ ಮಿಸುಕಿತು, ಬಂದೂಕಿನ ಕುದುರೆ ಎಳೆದ. ನಳಿಗೆ ಮೇಲಕ್ಕೆ ಹಾರಿತು, ಸೋಗೆಯ ತುದಿಗಳು ಚೂರುಚೂರಾಗಿ ಬಿದ್ದವು, ಹಂದಿ ಬೇರೆಲ್ಲೋ ಬಲಕ್ಕೆ ಹೊರಬಿದ್ದು ನಾಲೆ ದಾಟಿ ಓಡಿಹೋಯಿತು. ಅಪ್ಪ ಅವನ ಮುಖ ನೋಡಿದರು. ಆ ನೋಟದ ಕೆಳಗೆ ಅವನ ಬಾಯಿ ತಾನೇ ತೆರೆದುಕೊಂಡಿತು: "ಶಿವಯ್ಯ ಅಳ್ಳಾಡ್ಬುಟ್ಟ."

ಅಷ್ಟೇ. ಏರಿಯ ಮೇಲಿದ್ದ ಗುಂಡಯ್ಯ ಮೊದಲು ನಕ್ಕ. "ಏನ್ಲಾ ಶಿವಯ್ಯ, ಅಂದಿ ಸದ್ದಿಗೇ ಅಳ್ಳಾಡ್ಬುಟ್ಯಾ?" ಆಮೇಲೆ ಎಲ್ಲರೂ ನಕ್ಕರು, ಅಪ್ಪನೂ ನಕ್ಕರು, ಮಗನ ಮಾನ ಉಳಿಯಿತಲ್ಲ ಎಂಬ ಸಮಾಧಾನ ಆ ನಗುವಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಶಿವಯ್ಯ ಟವಲು ಕೊಡವಿ ತಲೆಗೆ ಸುತ್ತಿಕೊಂಡ. ಇಲ್ಲ ಎನ್ನಲಿಲ್ಲ. ಅನ್ನಬಹುದಾಗಿತ್ತೆ? ಅವನಿಗೆ ಇಪ್ಪತ್ತೆರಡು, ಮನೆ ಊರಾಚೆ, ಅನ್ನ ಈ ಗದ್ದೆಯದು. ಅವತ್ತಿನಿಂದ ಅವನು ಅಳ್ಳಾಟದ ಶಿವಯ್ಯ. ಊರಿನಲ್ಲಿ ಒಂದು ಹೆಸರು ಮೆತ್ತಿಕೊಂಡರೆ ಬಿಡುವುದುಂಟೆ. ಮದುವೆಯ ಕರೆಯಲ್ಲಿ ಅಳ್ಳಾಟದವರ ಮನೆ, ಪಂಚಾಯಿತಿ ನಲ್ಲಿಯ ಸರದಿಯಲ್ಲಿ ಅಳ್ಳಾಟದವರು. ಮಗ ಅಶೋಕ ಐಟಿಐನಲ್ಲಿ ಮರಗೆಲಸ ಕಲಿತು ಬಂದು ಹಳ್ಳಿಮೈಸೂರಿನಲ್ಲೇ ಅಂಗಡಿ ಹಾಕಿದಾಗ, ಅಳ್ಳಾಟದವನ ಕೈಲಿ ಮಂಚ ಮಾಡಿಸಿದರೆ ಅದು ನೆಟ್ಟಗೆ ನಿಲ್ಲುತ್ತದಾ ಎಂದು ಬಸ್‌ಸ್ಟ್ಯಾಂಡಿನಲ್ಲಿ ಆಡಿಕೊಂಡು ಆಡಿಕೊಂಡು ಆರೇ ತಿಂಗಳಿಗೆ ಬಾಗಿಲು ಹಾಕಿಸಿದರು. ಅವನು ಚನ್ನರಾಯಪಟ್ಟಣಕ್ಕೆ ಹೋದ, ಅಪ್ಪನನ್ನೂ ಕರೆದುಕೊಂಡು ಹೋದ. ಆ ಜೋಕನ್ನು ದೇವರಾಜ್ ಸ್ವತಃ ಕೇಳಿದ್ದ. ಆಗಲೂ ಎಲ್ಲರ ಜೊತೆ ನಕ್ಕಿದ್ದ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಅವನಿಗೆ ತನ್ನ ಮೇಲೆ ಹೇಸಿಗೆಯಾಗುತ್ತದೆ.

"ನಿಮ್ಮಣ್ಣ ಹೆಂಗವ್ನೆ?" ಎಂದು ಚೆನ್ನಯ್ಯನನ್ನು ಕೇಳಿದ.

"ಅವ್ನಿಗೇನು, ಮಗನ ಅಂಗ್ಡೀಲಿ ರಾಜ ಇದ್ದಂಗವ್ನೆ. ಊರ್ಗೆ ಬಾ ಅಂದ್ರೆ ಬರಾಕಿಲ್ಲ. ನಂಗೆ ಈ ಮನೆ ಬುಟ್ಟು ಓಗಾಕಾಗಕಿಲ್ಲ." ಚೆನ್ನಯ್ಯ ಎದ್ದು ಮೊಣಕಾಲು ಒತ್ತಿಕೊಂಡ. "ಇದ್ನ ಅಶೋಕನ ತಾವ್ಕೆ ತಕ್ಕಂಡೋಗಿ ಅತ್ಲಾಗೆ. ಒಂದ್ ಗಂಟೇಲಿ ಸರಿ ಮಾಡ್ಕೊಡ್ತಾನೆ. ನೀವು ಇಂಗೇ ಕೊಯ್ತಾ ಕೂತ್ರೆ ನಾಳೀಕೆ ಮಣೆ ಆಯ್ತದೆ."

ಅವನ ಬಾಯಲ್ಲೇ ಆ ಮಾತು ಬಂದದ್ದು ದೇವರಾಜನಿಗೆ ಅಪ್ಪಣೆ ಸಿಕ್ಕಂತಾಯಿತು. ಹೊಳೆನರಸೀಪುರದಲ್ಲೇ ಬಡಗಿಗಳಿಲ್ಲವೆ, ಅಷ್ಟು ದೂರ ಯಾಕೆ ಎಂದು ನಂಜಮ್ಮ ಕೇಳಿದಳು. ಅವನು ಅಂಗಿ ಬದಲಿಸುತ್ತ ಏನೋ ಗೊಣಗಿದ. ಯಾಕೆಂದು ಅವನಿಗೆ ಗೊತ್ತಿತ್ತು. ಶಿವಯ್ಯನ ಮುಂದೆ ನಿಂತು, ಸುಳ್ಳು ಹೇಳಿದೆ, ಕ್ಷಮಿಸು ಎಂದು ಹೇಳಿ ಬರಬೇಕು. ನಾಳೆ ಬೆಂಚಿನಲ್ಲಿ ಕೂರುವುದಕ್ಕೆ ಮುಂಚೆ ಹೇಳಿಬಿಡಬೇಕು. ಅದನ್ನು ಹೇಳದೆ ಸತ್ತರೆ ತನ್ನದು ಎಂಥ ಬದುಕು ಎಂಬ ಪ್ರಶ್ನೆ ಈಚೆಗೆ ಹಲ್ಲುಜ್ಜುವಾಗಲೂ ಬರುತ್ತಿತ್ತು. ಗೂಡ್ಸ್ ಆಟೋದ ಹಿಂದೆ ಬೆಂಚನ್ನು ಚೆನ್ನಯ್ಯನೇ ಹಗ್ಗ ಹಾಕಿ ಬಿಗಿದ. ದಾರಿಯುದ್ದಕ್ಕೂ, ರಸ್ತೆ ಕುಲುಕಿದಾಗಲೆಲ್ಲ, ಹಿಂದಿನಿಂದ ಟಕ್ ಟಕ್ ಎನ್ನುತ್ತ ಬಂತು. ಡ್ರೈವರು ಎರಡು ಸಲ ನಿಲ್ಲಿಸಿ, ಇಂಜಿನ್ನೇನೋ ಸದ್ದು ಮಾಡುತ್ತಿದೆಯೆಂದು ಬಗ್ಗಿ ನೋಡಿದ. ದೇವರಾಜ್ ಹೇಳಬೇಕಾದ ವಾಕ್ಯವನ್ನು ಕಟ್ಟುತ್ತಿದ್ದ. ನೀನು ಎನ್ನಬೇಕೋ ನೀವು ಎನ್ನಬೇಕೋ? ಹುಟ್ಟಿದಾರಭ್ಯ ಏಕವಚನ, ಈಗ ಇದ್ದಕ್ಕಿದ್ದಂತೆ ನೀವು ಎಂದರೆ ನಾಟಕವಾಗುತ್ತದೆ, ನೀನು ಎಂದರೆ ಅದೇ ಹಳೆಯ ಗೌಡಿಕೆಯಾಗುತ್ತದೆ. ಇಷ್ಟು ಸಣ್ಣದನ್ನೂ ತೀರ್ಮಾನ ಮಾಡಲಾರದವನು ಅಷ್ಟು ದೂರ ಹೋಗಿ ಏನು ಮಾಡುತ್ತೇನೆ ಎಂದು ಅವನಿಗೆ ಬೇಸರವಾಯಿತು. ಹಿಂದಿರುಗು ಎಂದು ಡ್ರೈವರಿಗೆ ಹೇಳೋಣ ಎನ್ನುವಷ್ಟರಲ್ಲಿ ತೆಂಗಿನಕಾಯಿ ಮಾರ್ಕೆಟ್ಟಿನ ವಾಸನೆ ಬಂತು.

ಅಂಗಡಿ ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿತ್ತು, ಬಾಗಿಲ ಮೇಲೆ ಬುದ್ಧನ ಕ್ಯಾಲೆಂಡರು, ಒಳಗೆ ಅರ್ಧ ಮುಗಿದ ಮರದ ಬೀರುಗಳು. ಅಶೋಕ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಹೊರಗೆ ಬಂದ. ಗುರುತು ಹತ್ತಿತು, ಆದರೆ ಗೌಡ್ರೆ ಎನ್ನಲಿಲ್ಲ. "ಬನ್ನಿ ಸಾ, ಕೂತ್ಕಳಿ," ಎಂದು ಬೇರೆ ಯಾವ ಗಿರಾಕಿಗಾದರೂ ಹೇಳುವಂತೆಯೇ ಪ್ಲಾಸ್ಟಿಕ್ ಕುರ್ಚಿ ತೋರಿಸಿದ. ಮುಂಚೆಯೇ ಅಲ್ಲಿ ಕೂತಿದ್ದ ಬಸವಲಿಂಗಮ್ಮ ಎಂಬಾಕೆ ದೇವರಮನೆ ಬಾಗಿಲಿನ ವಿಷಯ ಮುಗಿಸುವವರೆಗೂ ದೇವರಾಜ್ ಕಾಯಬೇಕಾಯಿತು. ಕಾಯುವುದು ತನಗೆ ಕಷ್ಟವಾಗುತ್ತಿದೆ ಎಂಬುದೇ ಅವನಿಗೆ ನಾಚಿಕೆ ತಂದಿತು. ಮೂಲೆಯಲ್ಲಿ ಕುರ್ಚಿಯ ಕಾಲೊಂದಕ್ಕೆ ಉಜ್ಜುಕಾಗದ ತಿಕ್ಕುತ್ತ ಶಿವಯ್ಯ ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ, ಹೆಗಲು ಇಳಿದಿದೆ. ಅವನು ನೋಡಿ ಕೈ ಎತ್ತಿದ, ನಕ್ಕ, "ಚೆನ್ನ ಚೆಂದಾಗವ್ನಾ?" ಎಂದ. ದೇವರಾಜ್ ಹೂಂ ಎಂದ. ಕಟ್ಟಿಕೊಂಡು ಬಂದಿದ್ದ ವಾಕ್ಯ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಬಸವಲಿಂಗಮ್ಮ ಹೋದ ಮೇಲೆ ಅಶೋಕ ಬೆಂಚನ್ನು ಇಳಿಸಿಕೊಂಡು ಒಂದು ಸುತ್ತು ಬಂದ. ಕೊಯ್ದು ಕೊಯ್ದು ಗಿಡ್ಡವಾಗಿದ್ದ ಕಾಲುಗಳನ್ನು ನೋಡಿ ನಗು ತಡೆದುಕೊಂಡದ್ದು ಕಾಣುತ್ತಿತ್ತು. "ಯಾರ್ ಮಾಡಿದ್ದು ಸಾ?"

"ನಾನೇ."

"ಹಲಗೆ ಚೆನ್ನಾಗೈತೆ. ಕಾಲು ಎಲ್ಲಾ ಹೊಸಾದು ಹಾಕ್ಬೇಕು. ಮೂರು ಸಾಕು." ಟೇಪು ಎಳೆದ. "ಎತ್ರ ಎಷ್ಟಿರ್ಲಿ? ಕೂತಾಗ ನಳಿಗೆ ನಿಮ್ಗೆ ಎಲ್ಲಿಗೆ ಬರ್ಬೇಕು?"

ದೇವರಾಜನಿಗೆ ಗೊತ್ತಿರಲಿಲ್ಲ. ಸಿದ್ದೇಶ್ವರನ ಚೀಟಿಯಲ್ಲಿ ಎತ್ತರದ ಜಾಗದಲ್ಲಿ 'ಅವರವರ ಮೈಗೆ ತಕ್ಕಂತೆ' ಎಂದಷ್ಟೇ ಇತ್ತು. ಅವನು ಗಾಳಿಯಲ್ಲಿ ಅಂಗೈ ಚಾಚಿ ಇಷ್ಟಿರಬಹುದೇನೋ ಎಂದ, ಮತ್ತೆ ಸ್ವಲ್ಪ ಇಳಿಸಿದ. ಮೂಲೆಯಿಂದ ಶಿವಯ್ಯ ಎದ್ದು ಬಂದ. ದೇವರಾಜನ ಕುರ್ಚಿಯ ಮುಂದೆ ಬೆನ್ನು ತೋರಿಸಿ, ಗೋಡೆ ಹಿಡಿದುಕೊಂಡು, ಮೊಣಕಾಲು ಲಟಕ್ಕೆನ್ನಿಸುತ್ತ ಕುಕ್ಕರುಗಾಲಲ್ಲಿ ಕೂತ. ಎಡ ಹೆಗಲನ್ನು ಕೈಯಿಂದ ತಟ್ಟಿ ತೋರಿಸಿದ. "ದೊಡ್ಗೌಡ್ರಿಗೂ ಇದೇ ಅಳ್ತೆ. ಅಶೋಕ, ಟೇಪ್ ಇಡ್ಲಾ."

"ಎದ್ದೇಳಪ್ಪ," ಎಂದ ಅಶೋಕ. ಅವನ ದನಿ ಬದಲಾಗಿತ್ತು. "ಯಾವ್ ಕಾಲ್ದಲ್ಲಿದ್ದೀಯ ನೀನು. ಏಳು ಮ್ಯಾಲಕ್ಕೆ."

"ಕೆಲ್ಸ ಮೊದ್ಲು ಕಲ್ತ್ಕೊ. ಅಳತೆ ಸಿಕ್ತಾ ಇದ್ರೆ ತಕ್ಕೋಬೇಕು. ಇಡು."

ಅಶೋಕ ಬಗ್ಗಿ ಅಪ್ಪನ ಹೆಗಲಿಗೆ ಟೇಪು ಹಿಡಿದ. ಇಪ್ಪತ್ತೊಂಬತ್ತು ಇಂಚು ಎಂದು ಹಲಗೆಯ ಮೇಲೆ ಬರೆದ. ಒತ್ತಿ ಬರೆದದ್ದಕ್ಕೆ ಪೆನ್ಸಿಲ್ಲಿನ ಮೊನೆ ಮುರಿಯಿತು. ದೇವರಾಜನ ಕಣ್ಣ ಮುಂದೆ ಒಂದು ಮೊಳ ದೂರದಲ್ಲಿ ಆ ಹೆಗಲಿತ್ತು, ಬನಿಯನ್ನಿನ ತೂತಿನೊಳಗಿಂದ ಮೂಳೆ ಕಾಣುತ್ತಿತ್ತು. ಮುಖ ಕಾಣದಿದ್ದದ್ದರಿಂದಲೇ ಇರಬೇಕು, ಅವನ ಬಾಯಿಂದ ಅದು ಹೊರಬಂತು, ಯಾವ ವಾಕ್ಯವಾಗಿಯೂ ಅಲ್ಲ, ಅವನೇ ಕೇಳಿ ಬೆಚ್ಚುವ ಹಾಗೆ.

"ಶಿವಯ್ಯ, ಅವತ್ತು ನೀನು ಅಳ್ಳಾಡ್ಲಿಲ್ಲ. ನಡುಗಿದ್ದು ನನ್ ಕೈ. ಅಪ್ಪನ ಮುಂದೆ ಮಾನ ಹೋಯ್ತದೆ ಅಂತ ಸುಳ್ಳು ಹೇಳ್ಬುಟ್ಟೆ. ನಿಂಗೆ ಆ ಹೆಸ್ರು ತಂದಿದ್ದು ನಾನು."

ಶಿವಯ್ಯ ಕೂತಲ್ಲೇ ಅರ್ಧ ತಿರುಗಿದ.

"ಇಲ್ಲ ಬುಡಿ. ನಾನೇ ಅಳ್ಳಾಡಿದ್ದು."

"ನನ್ ಸಮಾಧಾನಕ್ಕೆ ಹೇಳ್ಬೇಡ."

"ಸಮಾಧಾನ ಎಲ್ಲಿಂದ ಬಂತು. ಬೇಕಂತ್ಲೇ ಅಳ್ಳಾಡ್ದೆ. ನೀವು ಕುದ್ರೆ ಎಳಿಯೋ ಒತ್ಗೆ ಎಗಲು ಮ್ಯಾಕೆತ್ಬುಟ್ಟೆ." ಶಿವಯ್ಯ ದನಿ ಏರಿಸಲಿಲ್ಲ, ಕುರ್ಚಿಯ ಕಾಲಿನ ಬಗ್ಗೆ ಹೇಳುವವನಂತೆಯೇ ಹೇಳಿದ. "ನೀವು ಗುರಿ ಇಟ್ಟಿದ್ದು ಅಂದಿ ಅಲ್ಲ. ನಮ್ ಚೆನ್ನ. ಕರೀ ಕಂಬ್ಳಿ ಒದ್ಕಂಡಿದ್ದ. ಡಬ್ಬ ಬಡಿಯಾದು ಬುಟ್ಟು ಕಬ್ಬೊಳಿಕೆ ನುಗ್ಬುಟ್ಟವ್ನೆ, ಕಾಲ್ಗೆ ಮುಳ್ಳು ಚುಚ್ಚೈತೆ, ಕೂತ್ಕಂಡು ಕೀಳ್ತಾವ್ನೆ. ನಂಗೆ ಕಂಬ್ಳಿ ಅಂಚು ಕಾಣ್ತು. ಕೂಗಾಕೆ ಟೈಮಿರ್ಲಿಲ್ಲ."

ದೇವರಾಜನಿಗೆ ಮೊದಲು ಅನ್ನಿಸಿದ್ದು ಸಮಾಧಾನ. ಹಾಗಾದರೆ ನಾನು ಹೇಳಿದ್ದು ಸುಳ್ಳಲ್ಲ, ನಿಜವಾಗಿಯೂ ಅವನೇ ಅಳ್ಳಾಡಿದ್ದು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಅದು ಇತ್ತು, ಅದು ಇತ್ತೆಂಬುದನ್ನು ಅವನು ಆಮೇಲೆ ಯಾರಿಗೂ ಹೇಳಲಾರ. ಮರುಕ್ಷಣ, ಕಬ್ಬಿನ ಸಂದಿಯಲ್ಲಿ ಮಿಸುಕಿದ ಆ ಕಪ್ಪು ಈಗ ಅವನ ಕಣ್ಣಿಗೆ ಬೆನ್ನಾಗಿ ಕಂಡಿತು. ಹಂದಿ ಬಲಕ್ಕೆ ಎಲ್ಲಿಂದಲೋ ಹೊರಬಿದ್ದದ್ದು ಯಾಕೆಂದು ನಲವತ್ತೊಂದು ವರ್ಷದಲ್ಲಿ ಒಮ್ಮೆಯೂ ಅವನು ಕೇಳಿಕೊಂಡಿರಲಿಲ್ಲ. ಒಂದು ಮಾತಿನ ತಪ್ಪನ್ನು ಇಷ್ಟು ವರ್ಷ ಒಳಗೆ ಸಾಕಿಕೊಂಡು, ಅದನ್ನು ನೋಡಿ ನೋಡಿ ನೊಂದು, ನೋಯುವವನಾದ್ದರಿಂದ ತಾನು ಅಷ್ಟೇನೂ ಕೆಟ್ಟವನಲ್ಲ ಎಂದು ಒಳಗೊಳಗೇ ನಂಬಿಕೊಂಡಿದ್ದ. ಆ ತಪ್ಪು ಇವರಿಗೆ ಲೆಕ್ಕಕ್ಕೇ ಇರಲಿಲ್ಲ. ನಿಜವಾದ್ದು ಇಲ್ಲಿ, ಈ ಮುದುಕನ ಹತ್ತಿರ, ಇಷ್ಟು ವರ್ಷ ಬಿದ್ದಿತ್ತು. ಚೆನ್ನಯ್ಯನ ಮದುವೆ, ಅವನ ಮಕ್ಕಳು, ಮೊಮ್ಮಗಳು ಬಿಂದುಶ್ರೀ ಹತ್ತನೇ ಕ್ಲಾಸು ಪಾಸಾದಾಗ ಮನೆಗೆ ತಂದುಕೊಟ್ಟ ಮೈಸೂರುಪಾಕು, ಕತ್ತಿನ ಮೇಲೆ ಓಡಾಡಿದ ಆ ಎಣ್ಣೆಯ ಬೆರಳುಗಳು.

"ಅಪ್ಪ," ಎಂದ ಅಶೋಕ. ಅವನ ಕೈಯಲ್ಲಿ ಟೇಪು ಇನ್ನೂ ಎಳೆದಂತೇ ಇತ್ತು. "ನನ್ಗ್ಯಾಕೆ ಯೋಳ್ಲಿಲ್ಲ? ಸ್ಕೂಲಲ್ಲಿ ನಾನು ಕೂತ್ರೆ ಸಾಕು, ಬೆಂಚು ಹಿಡ್ಕಂಡು ಅಳ್ಳಾಡ್ಸೋರು. ಮೇಷ್ಟ್ರೂ ನಗೋರು. ಒಂದ್ ಮಾತು ಯೋಳಿದ್ರೆ ಆಗ್ತಿತ್ತು."

"ಯೋಳಿದ್ರೆ ನೀನು ಸುಮ್ಕಿರ್ತಿದ್ಯಾ?"

"ಅವತ್ತೇ ಎಲ್ರ ಮುಂದೆ ಯೋಳ್ಬೇಕಿತ್ತು."

"ಯೋಳಿದ್ರೆ ಏನಾಗೋದು? ಚೆನ್ನನ ತಪ್ಪೇ ಆಗೋದು. ಅಲ್ಲಿಗ್ಯಾಕ್ಲಾ ಓಗಿದ್ದೆ ಅಂತ ಅವ್ನಿಗೇ ಬೀಳೋದು ಏಟು." ಶಿವಯ್ಯ ಗೋಡೆ ಹಿಡಿದು ಎದ್ದ. ಏಳಲು ಕಷ್ಟಪಟ್ಟ, ಕೈ ಕೊಡಬೇಕೆಂದು ದೇವರಾಜನಿಗೆ ಅನ್ನಿಸಿತು, ಕೊಡುವಷ್ಟರಲ್ಲಿ ಅವನು ಎದ್ದಾಗಿತ್ತು. "ತಮ್ಮ ಉಳ್ಕಂಡ. ಹೆಸ್ರು ಯಾವ್ದಾದ್ರೇನು ಅಂದ್ಕಂಡೆ. ಆಮೇಲೆ ನಿನ್ ಅಂಗ್ಡಿಗೆ ತೊಂದ್ರೆ ಆಯ್ತಲ್ಲ, ಆಗ ಬಾಳ ಹೊಟ್ಟೆ ಉರೀತು. ಆಗ ಯೋಳಿದ್ರೂ ಯಾರ್ ನಂಬೋರು."

"ಚೆನ್ನಯ್ಯನಿಗೆ ಗೊತ್ತಾ?" ಎಂದು ದೇವರಾಜ್ ಕೇಳಿದ.

"ಇಲ್ಲ. ನೀವೂ ಯೋಳ್ಬ್ಯಾಡಿ." ಶಿವಯ್ಯ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದ. "ಯೋಳ್ಬುಟ್ರೆ ನಿಮ್ಗೆ ಅಗೂರ ಆಗ್ಬೋದು. ಅವ್ನು ಎಲ್ಲಿಗೆ ಓಗ್ಬೇಕು? ನಾನು ಎಷ್ಟ್ ಸಲ ಕರುದ್ರೂ ಬರಾಕಿಲ್ಲ ಅಂತಾನೆ, ನಿಮ್ ಮನೇನೇ ತನ್ನ ಮನೆ ಅಂದ್ಕಂಡವ್ನೆ. ಇರೋಗಂಟ ಅಂಗೇ ಇರ್ಲಿ. ಮಾತು ಕೊಡಿ."

ದೇವರಾಜ್ ಆಗಲಿ ಎಂದ. ಬೆಳಗ್ಗೆ ಅಂಗಿ ಹಾಕಿಕೊಳ್ಳುವಾಗ, ಸಂಜೆ ಹಗುರವಾಗಿ ಮನೆಗೆ ಬರುತ್ತೇನೆ ಎಂದುಕೊಂಡಿದ್ದ. ಬಂದು ನಂಜಮ್ಮನಿಗೂ ಹೇಳುವುದು, ಚೆನ್ನಯ್ಯನನ್ನೂ ಕೂರಿಸಿಕೊಂಡು ಹೇಳುವುದು ಎಂದೆಲ್ಲ ಯೋಚಿಸಿದ್ದ. ಅವನಿಗೆ ವಿಪರೀತ ಸುಸ್ತಾಯಿತು. ಕುರ್ಚಿಯಿಂದ ಏಳುವುದೂ ಬೇಡವೆನ್ನಿಸಿತು. ಅಶೋಕ ಅವನ ಕಡೆ ನೋಡದೆ ಕೆಲಸಕ್ಕೆ ಹತ್ತಿದ. ಹಳೆಯ ಕಾಲುಗಳನ್ನು ಕಿತ್ತೆಸೆದು, ಮೂರು ಹೊಸ ಕಾಲು ಕೊಯ್ದು, ಕೂಡಿಸಿ, ಬೋಲ್ಟು ಬಿಗಿದ. ಯಂತ್ರದ ಸದ್ದು ನಿಂತಾಗ ತಂದೆ ಮಗ ಏನೋ ಗುಸುಗುಸು ಮಾತಾಡುತ್ತಿದ್ದರು. ಶಿವಯ್ಯನ ಕೈ ಮಗನ ಬೆನ್ನ ಮೇಲಿತ್ತು. ದೇವರಾಜ್ ಬೇರೆ ಕಡೆ ನೋಡಿದ.

ಗಂಟೆಯೊಳಗೆ ಮುಗಿಯಿತು. ಅಶೋಕ ಬೆಂಚನ್ನು ಬಾಗಿಲ ಮುಂದಿನ ಹಳ್ಳದಿಣ್ಣೆಯ ನೆಲದ ಮೇಲೆ ತಂದಿಟ್ಟು, ಎರಡೂ ಕೈ ಊರಿ, ಪೂರ್ತಿ ಭಾರ ಹಾಕಿ ಒತ್ತಿದ. ಸದ್ದಿಲ್ಲ. ಕೂತು ನೋಡಿ ಎಂದ. ದೇವರಾಜ್ ಕೂರಲಿಲ್ಲ.

"ಇದು ಇಲ್ಲೇ ಇರ್ಲಿ ಅಶೋಕ," ಎಂದ. "ನಂಗೆ ಬೇಡ. ನಾಳೆ ನಾನು ಹೋಗಲ್ಲ. ನೀನು ಏನಕ್ಕಾದ್ರೂ ಉಪಯೋಗಿಸ್ಕೊ."

ಅಶೋಕ ಕಿವಿಯ ಪೆನ್ಸಿಲ್ಲನ್ನು ತೆಗೆದು ಜೇಬಿಗಿಟ್ಟುಕೊಂಡ. ಅವನಿಗೆ ಕೋಪ ಬಂದಂತೆ ಕಾಣಲಿಲ್ಲ.

"ಇಲ್ಲಿ ಜಾಗ ಇಲ್ಲ ಸಾ. ನಿಮ್ದು ನೀವೇ ತಕ್ಕಂಡೋಗಿ. ಅಲ್ಲಿ ಇಳಿಸ್ಕಳಕೆ ನಮ್ ಚೆನ್ನ ಚಿಕ್ಕಪ್ಪ ಇರ್ತಾನಲ್ಲ."

ದೇವರಾಜ್ ಬಗ್ಗಿ ಬೆಂಚಿನ ಒಂದು ತುದಿ ಹಿಡಿದ.